ಕಂಬ ಮಲಗಿದ ಹೊತ್ತು

ಗೌರಿ ಹಬ್ಬ ಕಳೆದು ಮೂರು ದಿನವಾಗಿತ್ತು. ೨೦೦೩ರ ಸೆಪ್ಟೆಂಬರ್ ೨, ಮಂಗಳವಾರ. ಮಧ್ಯಾಹ್ನ ಎರಡರ ಸುಮಾರಿಗೆ ಪಿರಿಯಾಪಟ್ಟಣ ಪೊಲೀಸ್ ಠಾಣೆಯ ಫೋನು ಬಡಿದುಕೊಂಡಿತು. ಹೆಡ್ ಕಾನ್‌ಸ್ಟೇಬಲ್ ನಂಜಯ್ಯ ಮುದ್ದೆ ಮುರಿಯುತ್ತಿದ್ದವನು ಎಡಗೈಯಲ್ಲೇ ಎತ್ತಿಕೊಂಡ.

“ಕಲ್ಲುಮಂಟಿ ರೇಡಿಯೋ ಸ್ಟೇಷನ್ನಿಂದ ಸಾರ್. ಜನ ಗೇಟು ಮುರಿದು ಒಳಕ್ಕೆ ನುಗ್ಗವ್ರೆ. ಇಂಜಿನಿಯರ್ ಸಾಹೇಬ್ರಿಗೆ ಹೊಡೀತಾವ್ರೆ, ಬೇಗ ಬನ್ನಿ...”

ಆ ಕಡೆ ಗಾಜು ಒಡೆದ ಸದ್ದಾಯಿತು. ಆಮೇಲೆ ಏನೂ ಕೇಳಲಿಲ್ಲ.

ಸಬ್ ಇನ್ಸ್‌ಪೆಕ್ಟರ್ ಕನಕರಾಜು ಈ ಠಾಣೆಗೆ ಬಂದು ಮೂರು ತಿಂಗಳೂ ತುಂಬಿರಲಿಲ್ಲ. ಟೊಪ್ಪಿಗೆ ಹಾಕಿಕೊಂಡು ಜೀಪು ಹತ್ತಿದ. ಹಿಂದೆ ನಂಜಯ್ಯ, ಮಹಿಳಾ ಪೇದೆ ರೂಪಶ್ರೀ ಮತ್ತು ಇನ್ನಿಬ್ಬರು ಪೇದೆಗಳು.

ಕಲ್ಲುಮಂಟಿ ಹಾರನಹಳ್ಳಿ ಹೋಬಳಿಯ ಸಣ್ಣ ಊರು. ಊರ ಹಿಂದಿನ ದಿಬ್ಬದ ಮೇಲೆ ಹತ್ತು ಹನ್ನೆರಡು ವರ್ಷದಿಂದ ರೇಡಿಯೋ ಪ್ರಸಾರದ ಗೋಪುರವಿದೆ. ಊರವರ ಬಾಯಲ್ಲಿ ಅದು ಬರೀ ಕಂಬ. ಕಂಬದ ಸುತ್ತ ಮುಳ್ಳುತಂತಿಯ ಬೇಲಿ, ಬೇಲಿಯ ಮೇಲೆ ತಲೆಬುರುಡೆಯ ಬೋರ್ಡು. ಬೇಲಿಯಾಚೆ ಹೊಗೆಸೊಪ್ಪಿನ ಹೊಲಗಳು, ಸೊಪ್ಪು ಬೇಯಿಸುವ ಬ್ಯಾರನ್ ಗೂಡುಗಳು, ನಾಲ್ಕಾರು ಮನೆ.

ಜೀಪು ನಿಂತಿತು. ಕನಕರಾಜು ಕೆಳಗಿಳಿದು ಬಾಗಿಲು ಮುಚ್ಚಲು ಕಬ್ಬಿಣಕ್ಕೆ ಕೈಯಿಟ್ಟ. ಕೆಂಜಿಗ ಕಚ್ಚಿದಂತೆ ಬೆರಳ ತುದಿ ಚುರುಕ್ಕೆಂದಿತು. ಕೈ ಹಿಂದೆಗೆದುಕೊಂಡ. ರಸ್ತೆ ಪಕ್ಕ ಕೂತಿದ್ದ ಮುದುಕನೊಬ್ಬ ನಕ್ಕ.

“ಕಬ್ಬಿಣ ಮುಟ್ಬೇಡಿ ಸಾ. ಕಂಬ ಎದ್ದೈತೆ. ಅದು ಮಲಗಿದ ಮ್ಯಾಲೆ ಮುಟ್ಬೇಕು. ಇವತ್ತು ಒಂದು ಹೆಣ್ಣು ಮುಟ್ಟಿ ಕೈ ಬೇಯಿಸ್ಕೊಂಡದೆ. ಈಗ ಬಂದ್ರಾ, ಯಾರನ್ನ ಕಾಪಾಡಕ್ಕೆ?”

ಆ ಮುದುಕನ ಹೆಸರು ದೊಡ್ಡಬೀರಯ್ಯ. ಪೊಲೀಸರನ್ನು ಕಂಡರೆ ಅವನಿಗೆ ಆಗದು. ಆದರೂ ಒಡೆದ ಗೇಟಿನ ಮುಂದೆ ಸುರುಳಿ ಬಿದ್ದಿದ್ದ ಮುಳ್ಳುತಂತಿಯನ್ನು ಕೋಲಿನಿಂದ ಎತ್ತಿ ಹಿಡಿದು, ರೂಪಶ್ರೀಯ ಬಟ್ಟೆ ಹರಿಯದಂತೆ ದಾರಿ ಮಾಡಿಕೊಟ್ಟ. ಎತ್ತಿ ಹಿಡಿದಷ್ಟು ಹೊತ್ತೂ ಇಲಾಖೆಯನ್ನು ಬೈಯುತ್ತಲೇ ಇದ್ದ.

ಒಳಗೆ ನಲವತ್ತು ಐವತ್ತು ಜನ. ಜನರೇಟರ್ ಕೋಣೆಯ ಗೋಡೆಗೆ ಒರಗಿ ಇಂಜಿನಿಯರ್ ಶರತ್ ಬಿದ್ದಿದ್ದ. ಮೂವತ್ತರ ಪ್ರಾಯ, ಒಂದು ಕೈ ತಿರುಚಿಕೊಂಡಿತ್ತು, ಕನ್ನಡಕ ಎಲ್ಲೋ ಹೋಗಿತ್ತು. ಅವನ ಮೇಲೆ ದೊಣ್ಣೆ ಎತ್ತಿ ನಿಂತವನು ಬಸವರಾಜು, ಊರಿನ ಟ್ರ್ಯಾಕ್ಟರ್ ಡ್ರೈವರ್.

“ದೊಣ್ಣೆ ಕೆಳಗಿಡು.”

“ನನ್ನ ಎಂಡ್ರು ಕೈ ಸುಟ್ಟೋಗೈತೆ ಸಾ! ಬೇಕು ಅಂತ ಪವರ್ ಜಾಸ್ತಿ ಮಾಡವ್ನೆ ಇವ್ನು. ನಾಳೆ ಬೆಂಗಳೂರಿಂದ ಕಂಬದ ಪವರ್ ಅಳೆಯೋರು ಬತ್ತಾರೆ, ನಾವು ಅರ್ಜಿ ಹಾಕಿದ್ವಿ ಅಂತ ಸೇಡು ಇವ್ನಿಗೆ!”

“ಇಡು ಅಂದೆ.”

ಜನ ಜರುಗಲಿಲ್ಲ. ಒಂದು ಕಲ್ಲು ಬಂದು ಜೀಪಿನ ದೀಪಕ್ಕೆ ಬಡಿಯಿತು. ನಂಜಯ್ಯ ಲಾಠಿ ಎತ್ತಿದ ಮೇಲೆ ಬೈಗುಳ ಬೆಳೆಯಿತೇ ಹೊರತು ಗುಂಪು ಕರಗಲಿಲ್ಲ. ಪೇದೆಗಳು ಶರತ್‌ನನ್ನು ಎತ್ತಿಕೊಂಡೇ ಜೀಪಿಗೆ ಹಾಕಬೇಕಾಯಿತು. ಆ ಗದ್ದಲದಲ್ಲಿ ಕೂಗದೆ, ಅಳದೆ, ದೂರದ ಕಲ್ಲಿನ ಹತ್ತಿರ ಒಬ್ಬ ಹೆಂಗಸು ನಿಂತಿದ್ದದ್ದು ಕನಕರಾಜುವಿನ ಕಣ್ಣಿಗೆ ಬಿತ್ತು. ಬಸವರಾಜುವಿನ ತಾಯಿ ಸಾಕಮ್ಮ.

ಸಂಜೆ ಆಕೆಯೇ ಠಾಣೆಗೆ ಬಂದು ದೂರು ಕೊಟ್ಟಳು. ಹಿಂದೆ ಅರ್ಧ ಊರು. ತನ್ನ ಸೊಸೆ ರಾಧಾ ಮನೆಯ ಹಿಂದಿನ ತಂತಿಯ ಮೇಲೆ ಸೀರೆ ಒಣಹಾಕುವಾಗ ಬಲಗೈ ಬೆರಳುಗಳು ಸುಟ್ಟಿವೆ. ತಾನು ಆಗ ಹೊಲದಲ್ಲಿದ್ದೆ. ಇಂಜಿನಿಯರನೇ ದ್ವೇಷದಿಂದ ಶಕ್ತಿ ಏರಿಸಿದ್ದಾನೆ. ಅದರ ಮೇಲೆ ಘೋರ ಗಾಯಕ್ಕೆ ಹಾಕುವ ಐಪಿಸಿ ಕಲಂ ೩೨೬ರಲ್ಲಿ ಎಫ್‌ಐಆರ್ ಆಯಿತು. ಶರತ್‌ನ ಮೇಲಾದ ಹಲ್ಲೆಗೆ ಬೇರೆ ಎಫ್‌ಐಆರ್.

“ಅವನ್ನ ಯಾವಾಗ ಒಳಕ್ಕೆ ಹಾಕ್ತೀರಿ?” ಎಂದು ಸಾಕಮ್ಮ ಕೇಳಿದಳು.

“ತನಿಖೆ ಆಗಲಿ ಅಮ್ಮ.”

“ತನಿಖೆ ಏನ್ ಬಂತು. ಸುಟ್ಟ ಕೈ ಕಾಣ್ಸಾಕಿಲ್ವಾ?”

ಸರ್ಕಲ್ ಇನ್ಸ್‌ಪೆಕ್ಟರ್ ಸಾಹೇಬರ ಫೋನು ಹುಣಸೂರಿನಿಂದ ಬಂತು. ಊರವರು ಶುಕ್ರವಾರ ಹೆದ್ದಾರಿ ತಡೆ ಎನ್ನುತ್ತಿದ್ದಾರೆ. “ಗುರುವಾರ ಸಂಜೆ ಒಳಗೆ ಇಂಜಿನಿಯರನ್ನ ಕೋರ್ಟಿಗೆ ಹಾಜರು ಮಾಡಿ ಕಣ್ರಿ. ತಪ್ಪಿಲ್ದಿದ್ರೆ ಕೋರ್ಟೇ ಬಿಡುತ್ತೆ. ನಮಗ್ಯಾಕೆ ತಲೆನೋವು?”

ಬಿಡುವ ಹೊತ್ತಿಗೆ ಅವನ ಕೆಲಸ ಹೋಗಿರುತ್ತದೆ ಎಂದು ಕನಕರಾಜುವಿಗೆ ಗೊತ್ತಿತ್ತು. ಫೋನು ಇಟ್ಟು ಎದ್ದ.

ಶರತ್ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬೆಂಚಿನ ಮೇಲೆ ಕೂತಿದ್ದ. ಎಡಗೈಯಲ್ಲಿ ಹಿಡಿದ ಲೋಟದಿಂದ ಚಹಾ ಅಂಗಿಯ ಮೇಲೆ ಚೆಲ್ಲಿತು. ನಂಜಯ್ಯ ಲೋಟ ತೆಗೆದುಕೊಂಡು ಅವನ ಬಾಯಿಗೆ ಹಿಡಿದ.

“ಪವರ್ ಜಾಸ್ತಿ ಮಾಡಿದ್ರಾ?” ಕನಕರಾಜು ಕೇಳಿದ.

“ಇಲ್ಲ ಸಾರ್. ಮಾಡೋಕೆ ಬರೋದೂ ಇಲ್ಲ. ಮೆಷಿನ್ನಿಗೆ ಇರೋದೇ ಅಷ್ಟು.”

“ಮತ್ತೆ ಸುಟ್ಟದ್ದು?”

“ತಂತಿ ಸಾರ್. ಅಲ್ಲಿ ತಂತಿ ಇರಬಾರದಾಗಿತ್ತು.”

“ಬಿಡಿಸಿ ಹೇಳಿ.”

“ಪ್ರಸಾರ ನಡೆಯುವಾಗ ಕಂಬದ ಸುತ್ತ ಗಾಳಿಯಲ್ಲಿ ಶಕ್ತಿ ಹರಡಿರುತ್ತೆ. ಬೇಲಿ ಒಳಗೆ ಅಪಾಯ, ಅದಕ್ಕೇ ಬೇಲಿ. ನಮ್ಮವರೇ ಒಳಗೆ ಹೋಗಬೇಕಾದ್ರೂ ಮೊದಲು ಆರಿಸ್ತೀವಿ. ಬೇಲಿಯಾಚೆ ಬರೀ ಮನುಷ್ಯ ಓಡಾಡಿದ್ರೆ ತೊಂದರೆ ಇಲ್ಲ ಅಂತ ನಮ್ಮ ಅಳತೆ. ಆದ್ರೆ ಉದ್ದಕ್ಕೆ ತಂತಿ ಎಳೆದು, ನೆಲಕ್ಕೆ ತಾಗದ ಹಾಗೆ ಕಟ್ಟಿದ್ರೆ ಅದು ಏರಿಯಲ್ ಆಗುತ್ತೆ. ಗಾಳಿಯಲ್ಲಿರೋದನ್ನೆಲ್ಲ ಹಿಡಿದಿಟ್ಕೊಳ್ಳುತ್ತೆ. ಮುಟ್ಟಿದವರ ಮೈಯಿಂದ ನೆಲಕ್ಕೆ ಇಳಿಯುತ್ತೆ.”

“ಶಾಕ್ ಹೊಡೆಯುತ್ತೆ.”

“ಅದೇ ಇಲ್ಲ ಸಾರ್. ಮನೆ ಕರೆಂಟಿನ ಥರ ಒದೆಯಲ್ಲ, ದೂರ ತಳ್ಳಲ್ಲ. ಸುಮ್ಮನೆ ಸುಡುತ್ತೆ. ಚರ್ಮದ ಮೇಲೆ ಸಣ್ಣ ಬಿಳೀ ಚುಕ್ಕೆ, ಒಳಗೆ ಮಾಂಸ ಬೆಂದಿರುತ್ತೆ.”

“ಊರವರಿಗೆ ಗೊತ್ತಾ?”

“ತಂತಿ ಕಟ್ಟಬಾರದು ಅಂತ ಎಲ್ಲರಿಗೂ ಗೊತ್ತು. ಬಟ್ಟೆ ಹಾಕೋಕೆ ಮನೆಮನೆಗೂ ತೆಂಗಿನ ನಾರಿನ ಹಗ್ಗ ಕೊಡಿಸಿದ್ದೀವಿ. ತಗಡಿನ ಮಾಡಿಗೆಲ್ಲ ಅರ್ತಿಂಗ್ ಪಟ್ಟಿ ನೆಲಕ್ಕೆ ಇಳಿಸಿದ್ದೀವಿ. ಸಾಕಮ್ಮನವರ ಮನೆ ಹಗ್ಗ ನಾನೇ ಕಟ್ಟಿಕೊಟ್ಟಿದ್ದು.” ಕೈಯ ಪಟ್ಟಿ ಸರಿಮಾಡಿಕೊಂಡು ಅಂದ: “ಅವರು ನನ್ನ ಮುಖ ನೋಡಲಿಲ್ಲ. ಕಟ್ಟಿ ಮುಗಿದ ಮೇಲೆ ಒಂದು ಚೊಂಬು ಮಜ್ಜಿಗೆ ಜಗಲಿ ಮೇಲಿಟ್ಟು ಒಳಗೆ ಹೋದರು.”

“ಯಾರ ಮೇಲಾದರೂ ಅನುಮಾನ?”

“ನಾನು ಹೆಸರು ಹೇಳಲ್ಲ ಸಾರ್.”

*

ಬುಧವಾರ ಬೆಳಿಗ್ಗೆ ಸ್ಥಳ ಪಂಚನಾಮೆ. ಗಲಾಟೆಯ ಸುದ್ದಿ ಕೇಳಿ ಬೆಂಗಳೂರಿನ ತಜ್ಞರು ಬರುವುದನ್ನು ಮುಂದಕ್ಕೆ ಹಾಕಿದ್ದರು. ಊರಿನಲ್ಲಿ ಪೊಲೀಸರನ್ನು ಯಾರೂ ಮಾತಾಡಿಸಲಿಲ್ಲ. ಜೀಪಿನ ರೇಡಿಯೇಟರಿಗೆ ನೀರು ಕೇಳಿದರೆ ಬಾಗಿಲು ಹಾಕಿಕೊಂಡರು. ಪಂಚರಾಗಿ ರುಜು ಹಾಕಲು ಒಬ್ಬನೂ ಒಪ್ಪಲಿಲ್ಲ. ಕೊನೆಗೆ ದೊಡ್ಡಬೀರಯ್ಯನೇ ಬಂದ, ಪಕ್ಕದ ಮನೆಯ ಚಿಕ್ಕಬಸಮ್ಮನನ್ನೂ ಎಳೆದುಕೊಂಡು.

“ನಿಮ್ಮ ಮ್ಯಾಲೆ ಪ್ರೀತಿ ಅಂತ ತಿಳ್ಕೋಬೇಡಿ. ಆ ಮಗು ರಾಧಾ ನನ್ನ ಅಂಗಿಗೆ ಗುಂಡಿ ಹಾಕ್ಕೊಟ್ಟದೆ. ಅದಕ್ಕೆ ಬಂದಿವ್ನಿ.”

ರಾಧಾ ಊರ ಹೆಂಗಸರ ರವಿಕೆ ಹೊಲಿಯುತ್ತಿದ್ದಳು. ತವರು ಮಿರ್ಲೆಯಿಂದ ಬಂದ ಹೊಲಿಗೆ ಯಂತ್ರ ಸಾಕಮ್ಮನ ಮನೆಯ ಕಿಟಕಿಯಲ್ಲಿ ಬಟ್ಟೆ ಹೊದ್ದು ಕೂತಿತ್ತು.

ಮನೆಯ ಹಿಂದೆ ಬ್ಯಾರನ್. ಅದರ ಸೂರಿನ ಗೂಟದಿಂದ ಬೇಲಿ ಪಕ್ಕದ ಸಿಲ್ವರ್ ಮರದವರೆಗೂ ಹೊಸ ತಂತಿ ಹೊಳೆಯುತ್ತಿತ್ತು. ಎಪ್ಪತ್ತಡಿ ಸಾಕಾಗುವ ಬಟ್ಟೆಗೆ ಇನ್ನೂರಡಿ ತಂತಿ. ಅದರ ಕೆಳಗೆ ಒದ್ದೆ ಮಣ್ಣಿನಲ್ಲಿ ಒಂದು ನೀಲಿ ಸೀರೆ ಬಿದ್ದಿತ್ತು, ಅಂಚಿನ ಹತ್ತಿರ ಕಡಲೆ ಗಾತ್ರದ ಕರಿ ತೂತು.

“ಮುಟ್ಬೇಡಿ,” ಎಂದ ದೊಡ್ಡಬೀರಯ್ಯ. “ಇನ್ನೂ ಎದ್ದೈತೆ.” ಮಡಿಲಿನ ಸಣ್ಣ ರೇಡಿಯೋ ಹಚ್ಚಿದ. ಬೆಳಗಿನ ಪ್ರಸಾರದ ಕೊನೆಯ ಹಾಡು ಬರುತ್ತಿತ್ತು. ಎಲ್ಲರೂ ನಿಂತು ಕಾದರು. ಹಾಡು ಮುಗಿಯಿತು, ರೇಡಿಯೋ ಬರೀ ಗೊರಗೊರ ಎಂದಿತು. “ಆ, ಮಲಗ್ತು ನೋಡಿ. ಇನ್ನು ಮದ್ಯಾನದ ವಾರ್ತೆಗೇ ಏಳೋದು.”

ನಂಜಯ್ಯ ತಂತಿ ಬಿಚ್ಚಲು ಹೋದ. ಕನಕರಾಜು ನಿಂತಲ್ಲೇ ಯೋಚಿಸಿದ. ತಂತಿ ಕಟ್ಟಿದವರೂ ಇದೇ ಹೊತ್ತಿನಲ್ಲಿ ಕಟ್ಟಿರಬೇಕು. ಎದ್ದಿರುವಾಗ ಕಟ್ಟಿದರೆ ಅವರ ಕೈಯೇ ಸುಡುತ್ತಿತ್ತು. ಸೋಮವಾರ ಸಂಜೆ ಇಲ್ಲಿ ನಾರಿನ ಹಗ್ಗವೇ ಇತ್ತು, ತಾನು ಕಣ್ಣಾರೆ ಕಂಡೆ ಎಂದು ಚಿಕ್ಕಬಸಮ್ಮ ಹೇಳಿದ್ದಳು. ಅಂದರೆ ಮಂಗಳವಾರ ಬೆಳಗಿನ ಪ್ರಸಾರ ಮುಗಿದ ಮೇಲೆ, ಮಧ್ಯಾಹ್ನದ್ದು ಶುರುವಾಗುವುದರ ಒಳಗೆ.

“ಸಾರ್, ಇಲ್ಲಿ ಬನ್ನಿ,” ರೂಪಶ್ರೀ ಬ್ಯಾರನ್ ಒಳಗಿಂದ ಕರೆದಳು.

ಗೋಡೆಯ ಮೊಳೆಗೆ ನಾರಿನ ಹಗ್ಗ ತೂಗಿತ್ತು. ಮೊಳಕೈಗೂ ಹೆಬ್ಬೆರಳಿಗೂ ಸುತ್ತಿ ಸುರುಳಿ ಮಾಡಿ, ನಡುವೆ ಗಂಟು ಹಾಕಿ, ಬಟ್ಟೆಗೆ ಸಿಕ್ಕಿಸುವ ಬಿದಿರ ಕ್ಲಿಪ್ಪುಗಳನ್ನೆಲ್ಲ ಒಂದು ಬಟ್ಟೆಚೂರಿನಲ್ಲಿ ಕಟ್ಟಿ ಜೊತೆಗೇ ಸಿಕ್ಕಿಸಿತ್ತು.

“ಕೇಡು ಮಾಡೋಕೆ ಬಂದವರು ಹಗ್ಗ ಕಿತ್ತು ಬಿಸಾಕ್ತಾರೆ ಸಾರ್. ಇದು ನಾಳೆ ಮತ್ತೆ ಕಟ್ಟೋದಿದೆ ಅಂತ ಎತ್ತಿಟ್ಟಿದ್ದು.”

ಬ್ಯಾರನ್ ಒಲೆ ಇನ್ನೂ ನಿಗಿನಿಗಿ ಅನ್ನುತ್ತಿತ್ತು. ಒಳಗೆ ಕಡ್ಡಿಗೆ ಪೋಣಿಸಿದ ಸೊಪ್ಪು ಹಳದಿಗೆ ತಿರುಗುತ್ತಿತ್ತು.

“ಉರಿ ಯಾವಾಗ ಹಾಕಿದ್ದು?” ಕನಕರಾಜು ಕೇಳಿದ.

“ಗಣೇಶನ ಹಬ್ಬದ ದಿನ,” ಎಂದಳು ಚಿಕ್ಕಬಸಮ್ಮ.

“ಮಂಗಳವಾರ ಇದನ್ನು ನೋಡ್ಕೊಂಡವರು?”

“ಇನ್ಯಾರು? ಸಾಕಮ್ಮನೇಯ. ಮಗ ಟ್ಯಾಕ್ಟ್ರು ತಕ್ಕೊಂಡು ಓಗಿದ್ದ, ಸೊಸೆ ತವರಿಗೆ ಓಗಿದ್ಲು.”

“ಹೊಲಕ್ಕೆ ಹೋಗಿದ್ದೆ ಅಂತ ಬರೆಸಿದ್ದಾರೆ.”

ದೊಡ್ಡಬೀರಯ್ಯ ಮುಖ ಸಿಂಡರಿಸಿದ. “ಬ್ಯಾರನ್‌ಗೆ ಉರಿ ಹಾಕಿದ್ಮ್ಯಾಲೆ ಬುಟ್ಟೋಗಕ್ಕಾದದಾ? ಕಾವು ಒಂಚೂರು ಎಚ್ಚುಕಮ್ಮಿ ಆದ್ರೆ ಇಡೀ ಬೆಳೆ ಕರ‍್ರಗಾಗೋಯ್ತದೆ.” ಅಷ್ಟು ಹೇಳಿದವನು ತಾನು ಏನು ಹೇಳಿದೆ ಎಂದು ಆಗ ಹೊಳೆದಂತೆ ಬಾಯಿ ಮುಚ್ಚಿಕೊಂಡ. 

ನಂಜಯ್ಯ ತಂತಿಯ ಎರಡು ಕೊನೆಗಳಿಂದ ಬಿಚ್ಚಿದ ಕರೀ ಪ್ಲಾಸ್ಟಿಕ್ ಬಿಲ್ಲೆಗಳನ್ನು ಅಂಗೈಯಲ್ಲಿ ಹಿಡಿದು ತಂದ. ರಾಟೆಯಂತೆ ನಡುವೆ ತೋಡಿದ್ದ ಬಿಲ್ಲೆಗಳು. ತಂತಿ ಮರಕ್ಕಾಗಲಿ ಗೋಡೆಗಾಗಲಿ ತಾಗಿರಲಿಲ್ಲ. ಈ ಬಿಲ್ಲೆಗಳಿಗೇ ಬಿಗಿದಿತ್ತು.

“ಇವು ಈ ಕಡೆ ಸಿಗಲ್ಲ ಸಾರ್. ನಮ್ಮ ಎಚ್.ಡಿ. ಕೋಟೆ ಕಡೆ ಆನೆ ಬರದಂಗೆ ಸೋಲಾರ್ ಬೇಲಿ ಹಾಕ್ತಾರಲ್ಲ, ಅದರವು. ಕರೆಂಟು ಕಂಬಕ್ಕೆ ಇಳೀಬಾರದು ಅಂತ ಇದನ್ನ ಕೊಡ್ತಾರೆ.”

“ಸಾಕಮ್ಮನ ತವರು?”

ನಂಜಯ್ಯ ಚಿಕ್ಕಬಸಮ್ಮನ ಕಡೆ ನೋಡಿದ. ಆಕೆ ನೆಲ ನೋಡುತ್ತಾ ಹೇಳಿದಳು. “ಅಂಪಾಪುರ.”

ಜೀಪಿನ ಹತ್ತಿರ ಮರಳಿ ಬಂದಾಗ ಬಾನೆಟ್ಟಿನ ಪಕ್ಕ ತುಂಬಿದ ಒಂದು ಕೊಡ ನೀರಿತ್ತು. ಸುತ್ತ ಯಾರೂ ಇರಲಿಲ್ಲ. ಕೊಡ ಯಾರದೆಂದು ಕೇಳಿದರೆ ಯಾರೂ ತಮ್ಮದೆನ್ನಲಿಲ್ಲ.

*

ಮಧ್ಯಾಹ್ನ ರೂಪಶ್ರೀ ಹೇಳಿಕೆ ಪಡೆಯಲು ಮೈಸೂರಿನ ಆಸ್ಪತ್ರೆಗೆ ಹೋದಳು. ಕನಕರಾಜು, ನಂಜಯ್ಯ ಎಚ್.ಡಿ. ಕೋಟೆ ತಾಲ್ಲೂಕಿನ ಹಂಪಾಪುರಕ್ಕೆ ಹೋದರು.

ಸಾಕಮ್ಮನ ತಮ್ಮ ಚಿಕ್ಕಬೀರಯ್ಯ ಹತ್ತಿ ಹೊಲದ ಬದುವಿನಲ್ಲಿ ನಿಂತಿದ್ದ. ಹೊಲದ ಸುತ್ತ ಸೋಲಾರ್ ಬೇಲಿ, ಅದೇ ಕರೀ ಬಿಲ್ಲೆಗಳು.

“ಯಾಕೆ ಬಂದಿದ್ದೀರಿ?”

“ಈ ಬಿಲ್ಲೆ ನಿಮ್ಮದಾ?”

“ಅಂಗಡೀಲಿ ನನ್ ಎಸ್ರು ಬರ‍್ದು ಮಾರ್ತಾರಾ?”

“ನಿಮ್ಮ ಅಕ್ಕ ಹಬ್ಬಕ್ಕೆ ಬಂದಿದ್ದರಾ?”

“ಬಂದಿದ್ಲು. ಗೌರಿ ಅಬ್ಬಕ್ಕೆ ಎಣ್ಣುಮಗಳು ತವರಿಗೆ ಬರ‍್ದೆ ಪೊಲೀಸ್ ಟೇಸನ್ನಿಗೆ ಬತ್ತಾಳಾ?”

“ಹಬ್ಬಕ್ಕೆ ಏನು ಕೊಟ್ಟಿರಿ?”

ಚಿಕ್ಕಬೀರಯ್ಯನ ಮುಖ ಕೆಂಪಾಯಿತು. “ನಾನು ಬಡವ ಸ್ವಾಮಿ, ಆದ್ರೆ ಅಕ್ಕ ಬಾಯ್ಬುಟ್ಟು ಕೇಳಿದ್ದುನ್ನ ಇಲ್ಲ ಅಂದವನಲ್ಲ. ಸೀರೆ ಬ್ಯಾಡ ಕಣ್ಲಾ, ನಿನ್ ಆನೆಬೇಲಿ ತಂತಿ ಒಂದ್ ಸುರುಳಿ ಕೊಡು, ಬಿಲ್ಲೆ ಕೊಡು ಅಂದ್ಲು. ಅಂದಿ ಕಾಟ ಇರ‍್ಬೇಕು ಅಂತ ಕೊಟ್ಟೆ. ಸೊಸೆಗೆ ಅಂತ ಕೊಟ್ಟ ಮೊರದ ಬಾಗಿನದ ಕೆಳಗೆ ಚೀಲದಲ್ಲಿ ಇಟ್ಟು ನಾನೇ ಬಸ್ಸತ್ತಿಸ್ದೆ. ತವರಿಂದ ಕೊಟ್ಟಿದ್ದುಕ್ಕೂ ಕೇಸ್ ಹಾಕ್ತೀರಾ?”

ನಂಜಯ್ಯ ಕಲ್ಲುಮಂಟಿಯಲ್ಲಿ ಆದದ್ದನ್ನು ಹೇಳಿದ. ಚಿಕ್ಕಬೀರಯ್ಯ ಮೊದಲು ನಂಬಲಿಲ್ಲ. ಆಮೇಲೆ ಬದುವಿನ ಮೇಲೆ ಕೂತುಬಿಟ್ಟ. ಎದುರಿಗಿದ್ದ ಬೇಲಿಯ ತಂತಿಯನ್ನು ಒಂದು ಬೆರಳಿನಿಂದ ಮುಟ್ಟಿದ. ಅವನ ತೋಳು ಜುಮ್ಮೆಂದು ಹಿಂದಕ್ಕೆ ಹಾರಿತು. ಕೈ ಕೊಡವಿಕೊಂಡ. ಬೆರಳು ಹಾಗೇ ಇತ್ತು.

“ಇಷ್ಟೇ ಅಲ್ವಾ ಸ್ವಾಮಿ ಮಾಡೋದು?” ಎಂದು ಕೇಳಿದ. “ಇಷ್ಟೇ ಅಲ್ವಾ?”

ಕನಕರಾಜುವಿಗೆ ಶರತ್ ಹೇಳಿದ್ದು ನೆನಪಾಯಿತು. ಒದೆಯಲ್ಲ, ಸುಮ್ಮನೆ ಸುಡುತ್ತೆ.

ಸಂಜೆ ರೂಪಶ್ರೀ ತಂದ ಹೇಳಿಕೆ ಎರಡೇ ಪುಟ. ಕನಕರಾಜು ಓದಿ ಮುಗಿಸುವವರೆಗೂ ಅವಳು ಕೂರಲಿಲ್ಲ.

“ತವರಿನಿಂದ ಅವಳು ಶುಕ್ರವಾರ ಬರಬೇಕಾಗಿತ್ತು ಸಾರ್. ಸೊಪ್ಪು ಬೇಯೋಕೆ ಹಾಕಿದ್ದಾರೆ, ಅತ್ತೆ ಒಬ್ಬರೇ ನಿದ್ದೆಗೆಟ್ಟು ಸಾಯ್ತಾರೆ ಅಂತ ಮಂಗಳವಾರವೇ ಬಸ್ಸು ಹತ್ತಿದ್ದಾಳೆ. ಮನೆಗೆ ಬಂದಾಗ ಸಾಕಮ್ಮ ಬ್ಯಾರನ್ ಒಲೆ ಮುಂದೆ ಕಣ್ಣು ಹತ್ತಿ ಒರಗಿದ್ರಂತೆ. ಎಬ್ಬಿಸಬಾರದು ಅಂತ ಸದ್ದಿಲ್ಲದೆ ಅವರ ಕೊಳೆ ಸೀರೆ ಎತ್ಕೊಂಡು ಹೋಗಿ ಒಗೆದಿದ್ದಾಳೆ.”

“ತಂತಿ ನೋಡಿ ಅನುಮಾನ ಬರಲಿಲ್ಲವಾ?”

“ಕೇಳಿದೆ. ಹಗ್ಗ ಜೋತುಬಿದ್ದು ಬಟ್ಟೆ ಮಣ್ಣಾಗುತ್ತೆ ಅಂತ ಅವಳೇ ಎಷ್ಟೋ ದಿನದಿಂದ ಗೊಣಗ್ತಿದ್ದಳಂತೆ. ಕರೀ ಬಿಲ್ಲೆ ಎಲ್ಲ ನೋಡಿ, ಕಂಬದವರೇ ಈ ಸಲ ಏನೂ ಆಗದಂಥ ತಂತಿ ಕೊಟ್ಟಿರಬೇಕು, ಅತ್ತೆ ನನಗೋಸ್ಕರ ಕಟ್ಟಿಸಿದ್ದಾರೆ ಅಂದುಕೊಂಡಳಂತೆ. ಒದ್ದೆ ಸೀರೆ ಜಾರಿತು, ಬೀಳದೇ ಇರಲಿ ಅಂತ ತಂತಿ ಸೇರಿಸಿ ಬಿಗಿಯಾಗಿ ಹಿಡಿದಳು.”

“ಬೆರಳು?”

“ನಾಳೆ ಬೆಳಿಗ್ಗೆ ಆಪರೇಷನ್. ಹೆಬ್ಬೆರಳು, ತೋರುಬೆರಳು ಎರಡೂ ಅನುಮಾನ ಅಂದ್ರು ಡಾಕ್ಟ್ರು. ಹೆಬ್ಬೆರಳು ಉಳಿದರೆ ಸೂಜಿ ಹಿಡೀಬಹುದು ಅಂತ ಅವಳೇ ಲೆಕ್ಕ ಹಾಕ್ತಿದ್ದಳು.” ರೂಪಶ್ರೀ ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟಳು. “ಅತ್ತೆ ಊಟ ಮಾಡಿದ್ರಾ ಅಂತ ಕೇಳಿದಳು ಸಾರ್. ನಾನು ಹೂಂ ಅಂದೆ.”

*

ಗುರುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಜೀಪು ಕಲ್ಲುಮಂಟಿ ಸೇರಿತು. ದಾರಿಯಲ್ಲೇ ಹಾರನಹಳ್ಳಿಯ ಫೋನ್ ಬೂತಿನಿಂದ ರೂಪಶ್ರೀ ಆಸ್ಪತ್ರೆಗೆ ಮಾತಾಡಿದ್ದಳು.

ಜಗಲಿಯ ಮೇಲೆ ಹೊಗೆಸೊಪ್ಪಿನ ರಾಶಿ. ಹಿಂದಿನ ಸಲ ಬೆಂದ ಎಲೆಗಳನ್ನು ಸಾಕಮ್ಮ ಬಣ್ಣ ನೋಡಿ ವಿಂಗಡಿಸುತ್ತಿದ್ದಳು. ಬಸವರಾಜು ಬಾಗಿಲಿಗೆ ಅಡ್ಡ ನಿಂತ. ಹಿಂದೆ ಊರಿನ ಗಂಡಸರು.

“ಅವನ್ನ ಹಿಡಿದ್ರಾ?”

“ನಿಮ್ಮ ಅವ್ವನ ಹತ್ತಿರ ಮಾತಾಡಬೇಕು.”

“ನಮ್ಮವ್ವನ ಹತ್ರ ಏನು? ದುಡ್ಡು ತಿಂದು ಕಂಬದವ್ನ ಕಡೆ ತಿರುಗ್ಬುಟ್ರಾ?”

ಕನಕರಾಜು ಚೀಲದಿಂದ ಕರೀ ಬಿಲ್ಲೆ ತೆಗೆದು ಜಗಲಿಯ ಮೇಲೆ, ಎಲೆಗಳ ಪಕ್ಕ ಇಟ್ಟ. ಸಾಕಮ್ಮ ಅದನ್ನು ನೋಡಿದಳು. ಕೈಯಲ್ಲಿದ್ದ ಎಲೆಯನ್ನು ಸರಿಯಾದ ರಾಶಿಗೇ ಹಾಕಿದಳು.

“ನನ್ನ ತಮ್ಮುನ್ನ ಇದುಕ್ಕೆ ಎಳೀಬ್ಯಾಡಿ. ಅವುನ್ಗೇನೂ ಗೊತ್ತಿಲ್ಲ.”

“ಅವ್ವಾ,” ಎಂದ ಬಸವರಾಜು.

“ಸುಮ್ಕಿರ‍್ಲಾ.”

“ತಂತಿ ಕಟ್ಟಿದ್ದು ಯಾರು?” ಕನಕರಾಜು ಕೇಳಿದ.

“ನಾನೇ.”

“ಯಾವಾಗ?”

“ಮಂಗಳವಾರ. ಕಂಬ ಮಲಗಿದ್ಮ್ಯಾಲೆ.”

“ಯಾರಿಗೆ?”

“ಬುಧವಾರ ಬತ್ತಿದ್ರಲ್ಲ, ಬೆಂಗಳೂರೋರು. ಅವರ್ಗೆ.” ಅವಳ ಧ್ವನಿ ಏರಲಿಲ್ಲ. “ನನ್ನ ಗಂಡ ಶಿವಣ್ಣ ಆ ಬೇಲಿಯೊಳಗೆ ಉಲ್ಲು ಕುಯ್ತಿದ್ದ. ಆಗ ಕಂಬ ಮಲಗ್ಸಿ ಒಳಕ್ಕೆ ಬುಡೋ ಕಾನೂನೆಲ್ಲ ಯಾರೂ ಏಳಿರ‍್ನಿಲ್ಲ. ರಕ್ತದ ಕ್ಯಾನ್ಸರ್ ಬಂತು. ಆಗ್ಲೂ ಬಂದಿದ್ರು ಬೆಂಗಳೂರೋರು, ಇದೇ ಜಗಲಿ ಮ್ಯಾಲೆ ಮಿಷನ್ ಇಟ್ರು. ನನ್ನ ಗಂಡ ಒಳಗೆ ಮಲಗವ್ನೆ, ಇವ್ರು ಮುಳ್ಳು ತೋರ್ಸಿ, ‘ನೋಡಮ್ಮ, ಮಿತಿ ಒಳಗೇ ಐತೆ’ ಅಂದ್ರು. ಡಾಕ್ಟ್ರು, ಇದರಿಂದ್ಲೇ ಬಂತು ಅಂತ ಏಳಕ್ಕಾಗಲ್ಲ, ಅಲ್ಲ ಅಂತ್ಲೂ ಏಳಕ್ಕಾಗಲ್ಲ ಅಂದ್ರು. ಮಿತಿ ಅಂದ್ರೆ ಯಾರ ಮಿತಿ ಸ್ವಾಮಿ? ಅವನು ಸತ್ತ. ಅವರ ಮುಳ್ಳು ಅಲ್ಲೇ ಇತ್ತು.”

ಗಂಡಸರ ಗುಂಪಿನಲ್ಲಿ ಯಾರೋ ಕೆಮ್ಮಿದರು.

“ಕೈಯಿಂದ ಮುಟ್ಟಿ ನೋಡ್ಲಿ ಅಂದ್ಕೊಂಡೆ. ತಂತಿ ಇಡಿದು ನೋಡಿ ಸ್ವಾಮಿ ಅಂದ್ರೆ, ಇಲ್ಲ ಅಂತಿದ್ರಾ? ಆನೆಬೇಲಿ ನಾನು ಎಷ್ಟೋ ವರ್ಸದಿಂದ ಕಂಡಿವ್ನಿ. ನನ್ ತವರಲ್ಲಿ ಐಕ್ಳು ಪಂತ ಕಟ್ಟಿ ಮುಟ್ತವೆ. ಜುಮ್ ಅಂತ ಒದ್ದು ಬುಟ್ಬುಡ್ತದೆ. ಆನೆನೂ ಸಾಯಾಕಿಲ್ಲ, ಎದುರ್ಕೊಂಡು ಓಯ್ತದೆ, ಅಷ್ಟೇಯ. ದೊಡ್ಡ ಸಾಹೇಬ್ನೂ ಅಂಗೇ ಒಂದ್ ಸಲ ಇಂದಕ್ಕೆ ಬಿದ್ರೆ, ಐತೆ ಅಂತ ಬರ‍್ಕೊಂಡು ಓಯ್ತಾನೆ ಅಂದ್ಕೊಂಡೆ. ಸುಡ್ತದೆ ಅಂತ ನನ್ಗೆ...” ಅವಳು ಇನ್ನೊಂದು ಎಲೆ ಕೈಗೆತ್ತಿಕೊಂಡಳು. “ಅವ್ರು ಓದ್ಮ್ಯಾಲೆ ಸಾಯಂಕಾಲಕ್ಕೆ ತಂತಿ ಬಿಚ್ಚಿ ಅಗ್ಗ ಕಟ್ಬುಡ್ತಿದ್ದೆ.”

“ಶರತ್‌ನ ಹೊಡೆಯುವಾಗ ನೀವು ಅಲ್ಲೇ ನಿಂತಿದ್ದಿರಿ.”

“ನಿಂತಿದ್ದೆ.”

“ಬೇಡ ಅನ್ನಬಹುದಿತ್ತು.”

ಸಾಕಮ್ಮ ಕನಕರಾಜುವಿನ ಮುಖವನ್ನು ನೇರವಾಗಿ ನೋಡಿದಳು. “ಅನ್ನಿಸ್ಲಿಲ್ಲ. ಹೊಡೀಲಿ ಅಂತ್ಲೇ ಅನ್ನಿಸ್ತು. ಅಗ್ಗ ಕಟ್ಕೊಟ್ಟವ್ನು ಅವ್ನು, ಅದೂ ಗೊತ್ತಿತ್ತು. ಆದ್ರೂ ಅನ್ನಿಸ್ಲಿಲ್ಲ.”

ಬಸವರಾಜು ಬಾಗಿಲಿನಿಂದ ಸರಿದು ಗೋಡೆ ಕಡೆ ತಿರುಗಿ ನಿಂತ.  ಹಲ್ಲೆಯ ಕೇಸಿನಲ್ಲಿ ಅವನನ್ನೂ ಕರೆದುಕೊಂಡು ಹೋಗಬೇಕಾಗಿತ್ತು. ನಂಜಯ್ಯ ಹತ್ತಿರ ಹೋಗಿ ಮೆಲ್ಲಗೆ, “ಮೊದಲು ಆಸ್ಪತ್ರೆಗೆ ಹೋಗಿ ಹೆಂಡ್ತೀನ ನೋಡ್ಕೊಂಡು ಬಾ. ಸಂಜೆ ನೀನೇ ಠಾಣೆಗೆ ಬರಬೇಕು,” ಎಂದ. ಬಸವರಾಜು ತಲೆಯಾಡಿಸಿದ.

ಊರವರು ದಾರಿ ಬಿಟ್ಟರು, ಆದರೆ ಒಳ್ಳೆಯ ಮನಸ್ಸಿನಿಂದಲ್ಲ. ಪೊಲೀಸರ ಮೇಲಿದ್ದ ಸಿಟ್ಟು ಈಗ ಎಲ್ಲಿ ಇಳಿಯಬೇಕೆಂದು ತಿಳಿಯದೆ ಎಲ್ಲರ ಮುಖದ ಮೇಲೂ ನಿಂತಿತ್ತು. “ಮನೆಹಾಳಿ,” ಎಂದ ಒಬ್ಬ. ಎರಡು ದಿನದ ಹಿಂದೆ ಅವಳ ಪರವಾಗಿ ಕಲ್ಲು ಎಸೆದವನೇ ಅವನು. ದೊಡ್ಡಬೀರಯ್ಯ ಕೋಲೆತ್ತಿ ಅವನ ಕಡೆ ತೋರಿಸಿದ. “ಮುಚ್ಲಾ ಬಾಯಿ.” ಆಮೇಲೆ ಸಾಕಮ್ಮನಿಗೆ, “ಒಲೆ ನಾನ್ ನೋಡ್ಕತೀನಿ ಕಣವ್ವ. ಸೊಪ್ಪು ಕೆಡಾಕಿಲ್ಲ,” ಎಂದ.

ಜೀಪಿನ ಹಿಂದೆ ಸಾಕಮ್ಮ ನಿಂತಳು. ಹತ್ತಲು ಕಬ್ಬಿಣದ ಸರಳು ಹಿಡಿಯಬೇಕು. ಕೈ ಚಾಚಿದವಳು ಅರ್ಧಕ್ಕೇ ತಡೆದು, ಕಂಬದ ಕಡೆ ಕತ್ತೆತ್ತಿ ಕಿವಿಗೊಟ್ಟಳು. ಇಷ್ಟು ವರ್ಷದ ರೂಢಿ.

“ಮಲಗಿದೆ ಅಮ್ಮ, ಹಿಡ್ಕೊಳ್ಳಿ,” ಎಂದ ಕನಕರಾಜು.

ಅವಳಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ರೂಪಶ್ರೀ ತನ್ನ ಕರವಸ್ತ್ರ ತೆಗೆದು ಸರಳಿಗೆ ಸುತ್ತಿದಳು. ಸಾಕಮ್ಮ ಆ ಕರವಸ್ತ್ರವನ್ನು ಒಂದು ಗಳಿಗೆ ನೋಡಿ, ಅದರ ಮೇಲೆ ಕೈಯಿಟ್ಟು ಹತ್ತಿದಳು.

ಆ ದಿನ ಸಂಜೆ ನ್ಯಾಯಾಲಯಕ್ಕೆ ಹೋದ ಕಾಗದದಲ್ಲಿ ಕಲಂ ಅದೇ ಇತ್ತು, ಆರೋಪಿಯ ಹೆಸರು ಬೇರೆ. ಶರತ್‌ನನ್ನು ಬಿಟ್ಟು ಕಳಿಸಲಾಯಿತು. ಮುರಿದ ಕೈಯಲ್ಲೇ ಅವನು ಊರಿಗೆ ಮರಳಿ, ನಂಜಯ್ಯನ ನೆರವಿನಿಂದ ಬ್ಯಾರನ್ ಹಿಂದೆ ನಾರಿನ ಹಗ್ಗವನ್ನು ಮತ್ತೆ ಕಟ್ಟಿದ. ಈ ಸಲ ಜೋತುಬೀಳದಂತೆ ನಡುವೆ ಒಂದು ಕವೆಗೋಲು ಕೊಟ್ಟ. ಮಜ್ಜಿಗೆ ಯಾರೂ ತಂದಿಡಲಿಲ್ಲ. ಆದರೆ ಇದೆಲ್ಲ ಆಮೇಲಿನ ಮಾತು.

ಜೀಪು ಊರು ದಾಟಿ ಹೆದ್ದಾರಿಯತ್ತ ಹೊರಟಿತು. ಸಾಕಮ್ಮ ಬಿಡುಗಡೆಯ ಮಾತಾಗಲಿ, ವಕೀಲರ ಮಾತಾಗಲಿ ಕೇಳಲಿಲ್ಲ. ಕಂಬ ಹಿಂದೆ ಸಣ್ಣದಾಗುತ್ತಾ ಬಂದಾಗ ಮುಂದಿನ ಸೀಟಿನ ಕಡೆ ಬಾಗಿದಳು.

“ಸ್ವಾಮಿ. ಅವಳ ಬೆಳ್ಳು?”

ಕನಕರಾಜು ಹಿಂದಕ್ಕೆ ತಿರುಗಿದ. ರೂಪಶ್ರೀ ಅವನನ್ನೇ ನೋಡುತ್ತಿದ್ದಳು.

“ಹೆಬ್ಬೆರಳು ಉಳಿಯಿತು,” ಎಂದ.

ಸಾಕಮ್ಮ ಇನ್ನೊಂದರ ಸುದ್ದಿ ಕೇಳಲಿಲ್ಲ. ತನ್ನ ಬಲಗೈಯ ಹೆಬ್ಬೆರಳನ್ನೂ ನಡುಬೆರಳನ್ನೂ ಮೆಲ್ಲಗೆ ಜೋಡಿಸಿದಳು, ಕಾಣದ ಸೂಜಿಯೊಂದನ್ನು ಹಿಡಿದು ನೋಡುವಂತೆ. ಪಿರಿಯಾಪಟ್ಟಣ ಬರುವವರೆಗೂ ಬಿಡಲಿಲ್ಲ.